ಕಾಲಿಗೆ ಕಟ್ಟಿದ ಗೂಡಿನ ಸರ

ಅಟ್ಟದಿಂದ ಹಳೇ ಟ್ರಂಕು ಇಳಿಸುವಾಗ ರೇಷ್ಮೆಗೂಡಿನ ಸರವೊಂದು ಕಾಲ ಮೇಲೆ ಬಿತ್ತು. ಜಲ್ಲೆಂದಿತು. ಗೂಡಿನೊಳಗಿನ ಕಲ್ಲು ಇನ್ನೂ ಹಾಗೇ ಇದೆ. ಆ ಕಲ್ಲು ತುಂಬಿ ಹೊಲಿದ ಕೈ ಮಣ್ಣಾಗಿ ಎಂಟೊಂಬತ್ತು ವರ್ಷವಾಯಿತು...

ನಾವು ಅವರನ್ನು ನರ್ಸಮ್ಮ ಎನ್ನುತ್ತಿದ್ದೆವು. ಹುಟ್ಟಿದ್ದು ಕನಕಪುರದ ಕಡೆ. ಆಫ್ರಿಕಾದ ಯಾವುದೋ ಊರಿನಲ್ಲಿ ಬಹಳ ವರ್ಷ ಆಸ್ಪತ್ರೆ ಕೆಲಸ ಮಾಡಿದ್ದರು. ಆ ಊರಿನ ಹೆಸರು ನನ್ನ ನಾಲಿಗೆಗೆ ಸಿಗುವುದಿಲ್ಲ. ವಯಸ್ಸಾದ ಮೇಲೆ ರಾಮನಗರಕ್ಕೆ ಬಂದು ನಮ್ಮ ಬೀದಿಯ ಕೊನೆ ಮನೆಯಲ್ಲಿ ಒಬ್ಬರೇ ಇದ್ದರು. ಆಫ್ರಿಕಾದ ಹೆಂಗಸರಿಂದ ಕಲಿತ ಹಾಡನ್ನು ನಮಗೂ ಕಲಿಸುತ್ತೇನೆಂದು, ಭಾನುವಾರ ಬಂದರೆ ಮನೆಮನೆ ಬಾಗಿಲು ಬಡಿದು ಎಬ್ಬಿಸಿಕೊಂಡು ಹೋಗುತ್ತಿದ್ದರು. ವಾರವೆಲ್ಲ ಬಿಸಿನೀರಿನಲ್ಲಿ ಕೈಯಿಟ್ಟು ನೂಲು ತೆಗೆಯುವ ಹನ್ನೆರಡು ಹೆಂಗಸರು ಸೇರಿದೆವು.

ಪುಸ್ತಕವಿಲ್ಲ, ಹಾರ್ಮೋನಿಯಂ ಇಲ್ಲ. ಒಬ್ಬಳು ಮುಂದೆ ನಿಂತು ಕೂಗಬೇಕು, ಉಳಿದವರು ಓಗೊಡಬೇಕು, ಕಾಲಲ್ಲಿ ನೆಲ ತಟ್ಟಬೇಕು. ಮುಂದಿನವಳು ಕೂಗದೆ ಯಾರೂ ಬಾಯಿ ಬಿಡುವಂತಿಲ್ಲ. ಹಾಡಿನ ಮಾತು ಅಲ್ಲಿಯದೇ. ಅರ್ಥ ಕೇಳಿದರೆ, "ನಾವಿದ್ದೀವಿ, ನಡಿ ಅಂತ," ಎಂದರು. ಆ ಕಡೆಯವರು ಕಾಡುಹುಳದ ಗೂಡನ್ನು ಕಾಲಿಗೆ ಕಟ್ಟಿಕೊಳ್ಳುತ್ತಾರಂತೆ. "ನಮ್ಮೂರಲ್ಲಿ ಗೂಡಿಗೇನ್ ಬರಾನಾ?" ಎಂದು, ಚಿಟ್ಟೆ ತೂತು ಮಾಡಿ ಹೋದ ಗೂಡು ತರಿಸಿ, ಕಲ್ಲು ಹಾಕಿ ಪೋಣಿಸಿದರು.

ಕೂಗಲು ಆರಿಸಿದ್ದು ನನ್ನನ್ನು. ಗಂಡ ಸತ್ತ ಮೇಲೆ ಸೋಬಾನೆಗೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ.

"ತಾಳಿ ಇಲ್ದೋಳು ಮುಂದ್ ನಿಂತ್ರೆ ಜನ ಉಗೀತಾರೆ ಕಣ್ರವ್ವಾ," ಎಂದೆ.

"ಉಗುದ್ರೆ ಒರುಸ್ಕೊ. ನಿಂದು ಕಾಗೆ ಗಂಟ್ಲು, ಬೀದಿ ತುದೀಗಂಟ ಕೇಳ್ತದೆ. ನಂಗೆ ಅದೇ ಬೇಕು. ನಿಂತ್ಕೊ."

ನಿಂತೆ. ಮೂರು ವರ್ಷ ನಿಂತೆ. ಮೊದಲು ನಕ್ಕ ಬೀದಿಯೇ ಆಮೇಲೆ ಬಾಗಿಲಿಗೆ ಬಂದು ಹಾಡು ಕೇಳಿತು.

ಆಮೇಲೆ ಅವರ ಗಂಟಲಿಗೇ ಹುಣ್ಣಾಯಿತು. ದನಿ ಉಡುಗಿತು. ಒಂದು ಮಧ್ಯಾಹ್ನ ಗಂಜಿ ಕೊಂಡುಹೋದಾಗ ನನ್ನ ಕೈ ಹಿಡಿದು ಪಿಸುಗುಟ್ಟಿದರು. "ನನ್ನ ಎತ್ತೋ ಮುಂಚೆ ಹಾಡ್ಬೇಕು ಕಣೇ. ಅಲ್ಲಿ ಹಾಡ್ದೆ ಯಾರ್ನೂ ಕಳ್ಸಲ್ಲ. ನೀನ್ ಕೂಗು, ಅವ್ರು ಓಗೊಡ್ತಾರೆ."

"ಕೂಗ್ತೀನಿ ಕಣ್ರವ್ವಾ," ಎಂದೆ.

ಅವರು ಹೋದ ದಿನ ಹನ್ನೊಂದು ಜನವೂ ಸರಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಮನೆ ಮುಂದೆ ಕಾಲಿಗೆ ಕಟ್ಟಿಕೊಂಡು ನಿಂತರು. ನಾನೂ ಕಟ್ಟಿಕೊಂಡೆ. ತಮಟೆಯವರು ಬಂದಿದ್ದರು. ಬೀದಿಯ ಹಿರಿಯರೊಬ್ಬರು, "ಎಣದ್ ಮುಂದೆ ಎಂಗಸ್ರು ಕುಣೀತೀರಾ? ನಾಚ್ಕೆ ಆಗಾಕಿಲ್ವೇನ್ರಮ್ಮೀ?" ಎಂದರು. ಅವರಿಗೆ ನಾನು ಹೆದರಲಿಲ್ಲ. ಆದರೆ ಅವರ ಪಕ್ಕದಲ್ಲೇ ನನ್ನ ಮಗಳ ಅತ್ತೆ ನಿಂತಿದ್ದಳು. ಚನ್ನಪಟ್ಟಣದಿಂದ ಅದೇ ಬೆಳಗ್ಗೆ ನಮ್ಮ ಮನೆಗೆ ಬಂದಿದ್ದಳು. ಮಗಳ ಮದುವೆಯಾಗಿ ಮೂರು ತಿಂಗಳಾಗಿತ್ತು. ಆಕೆ ನನ್ನ ಕಾಲನ್ನೇ ನೋಡುತ್ತಿದ್ದಳು.

ಹನ್ನೊಂದು ಜನ ನನ್ನ ಬಾಯಿ ನೋಡಿದರು. ನಾನು ನೆಲ ನೋಡಿದೆ.

ಎತ್ತಿದರು. ಚಟ್ಟ ಬೀದಿ ತಿರುಗುವವರೆಗೂ ಆ ಹೆಂಗಸರು ಕಾದರು... ತಮಟೆ ಮಾತ್ರ ಕೇಳಿತು. ಯಾರೂ ನನ್ನ ಬಾಯಿ ಮುಚ್ಚಲಿಲ್ಲ. ನಾನೇ ಮುಚ್ಚಿಕೊಂಡೆ. ಮುಂದಿನ ಭಾನುವಾರ ಯಾರೂ ಸೇರಲಿಲ್ಲ, ನಾನೂ ಕರೆಯಲಿಲ್ಲ.

ಇವತ್ತು ಆ ಸರ ಕಾಲಿಗೆ ಕಟ್ಟಿ, ಜಗುಲಿ ಮೇಲೆ ನಿಂತು ಒಂದು ಸಲ ಕೂಗಿದೆ. ಗಂಟಲು ಇನ್ನೂ ಕಾಗೆಯದೇ. ಆ ಹನ್ನೊಂದರಲ್ಲಿ ಒಬ್ಬಳಾದ ಎದುರು ಮನೆಯವಳು ಪಾತ್ರೆ ಬೆಳಗುತ್ತಿದ್ದಳು. ತಲೆಯೆತ್ತಿದಳು. ಅವಳ ಕಾಲು ತಾನಾಗಿ ಒಂದೇಟು ನೆಲ ತಟ್ಟಿತು. ಆಮೇಲೆ ನಿಂತಿತು.

"ಅವತ್ತು ಕೂಗ್ಬೇಕಾಗಿತ್ತು ಕಣಕ್ಕಾ," ಎಂದಳು. ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಹೌದು, ಅವತ್ತು ಕೂಗಬೇಕಾಗಿತ್ತು. ಸರ ಬಿಚ್ಚಿ ಟ್ರಂಕಿಗೆ ಹಾಕಿದೆ.