ಗಂಟೆಯೊಳಗಿನ ಪದಕ

ದನಗಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ಹೊಸನಗರದ ಹತ್ತಿರ, ಒಂದು ಮಂಜಿನ ಬೆಳಿಗ್ಗೆ, ಗೌರಿ ಎಂಬ ಹಸುವಿನ ಕೊರಳ ಗಂಟೆ ನೀರೊಳಗಿಂದ ಕೇಳಿದ ಹಾಗೆ ಸದ್ದು ಮಾಡಿತು. ಬಗ್ಗಿ ನೋಡಿದರೆ ಗಂಟೆಯ ನಾಲಿಗೆಯ ಜಾಗದಲ್ಲಿ ಸೈನ್ಯದ ಪದಕ! ಅಂಚಿನಲ್ಲಿ ಸೈನಿಕನ ಹೆಸರು, ನಂಬರು.

"ಹುಂಚದಿಂದ ತಂದ ಹಸು. ಗಂಟೆ ಸಮೇತ ಬಂತು" ಎಂದರು ಮನೆಯ ಗಿರಿಜಮ್ಮ. ದನದ ಕೊರಳಲ್ಲಿ ದೇಶದ ಪದಕವೇ ಎಂದು ನನಗೆ ಸಿಟ್ಟು. ಅವರನ್ನು ಒಪ್ಪಿಸಿ, ಪದಕವನ್ನು ಬಿಚ್ಚಿಕೊಂಡು, ಆ ಸೈನಿಕನಿಗೆ ಮರಳಿಸಲು ಬಸ್ಸು ಹತ್ತಿದೆ.

ಹುಂಚದಲ್ಲಿ ಹೆಸರು ಹೇಳುತ್ತಲೇ ಮನೆ ತೋರಿಸಿದರು. ಆ ಸೈನಿಕ ಈಗ ಮುದುಕರು; ಪದಕವನ್ನು ನೋಡಲೇ ಇಲ್ಲ. ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದರು.

"ಗಂಟೆ ನಾಲಿಗೆ ಬಿದ್ದೋಗಿತ್ತು, ನಾನೇ ಕಟ್ಟಿದ್ದು ಮಾರಾಯ್ರೆ. ಮಂಜಲ್ಲಿ ಈ ಸದ್ದು ಹಿಡ್ಕೊಂಡು ಹೋದ್ರೆ ಗೌರಿ ಸಿಗ್ತಿದ್ಲು." ಥಟ್ಟನೆ ನನ್ನ ಕಡೆ ತಿರುಗಿದರು. "ನೀವು ಬಿಚ್ಕೊಂಡು ಬಂದಿದೀರಲ್ಲ, ಇವತ್ತು ಅವಳನ್ನ ಹುಡುಕೋದು ಹೆಂಗೆ?"

ಪದಕದ ಜೊತೆ ಮುಂದಿನ ಬಸ್ಸಿಗೇ ಮರಳಿದೆ. ಸಂಜೆಯ ಮಂಜಿನಲ್ಲಿ ಗುಡ್ಡವೇ ಕರಗಿಹೋಗಿತ್ತು. ಮೇಯಲು ಹೋದ ಗೌರಿ ಬಂದಿರಲಿಲ್ಲ. ಕೂಗಿ ಕೂಗಿ ಗಿರಿಜಮ್ಮನ ಗಂಟಲು ಕಟ್ಟಿತ್ತು. ನಾನು ಪದಕವನ್ನು ನನ್ನ ಊಟದ ಡಬ್ಬಿಗೆ ಬಡಿಯುತ್ತ ನಿಂತೆ. ಎಷ್ಟೋ ಹೊತ್ತಿನ ಮೇಲೆ ಆ ಬಿಳುಪಿನಿಂದ ಮೊದಲು ಎರಡು ಕೊಂಬು, ಆಮೇಲೆ ಗೌರಿ ಮೂಡಿ ಬಂದಳು.

ನನ್ನನ್ನು ಹುಡುಕಿಕೊಂಡು ಬಂದ ಹಸು ನನ್ನ ಸರ್ವಿಸಿನಲ್ಲಿ ಅದೊಂದೇ.