ಒಸಡಿನ ಬಣ್ಣದ ಬಿಲ್ಲೆಗಳು

ನನ್ನ ಸೋದರಮಾವನನ್ನು ಬೀದಿಯವರು 'ದವಡೆ ಮೇಷ್ಟ್ರು' ಎನ್ನುತ್ತಾರೆ. ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ, ಹಲ್ಲಿನ ಸೆಟ್ ಕಟ್ಟುವವನು. ಹಲ್ಲು ಉದುರಿದವರು ಬಂದು ಕುರ್ಚಿಯಲ್ಲಿ ಕೂತು ಬಾಯಿ ತೆರೆದರೆ ಅಚ್ಚಿನ ಹಿಟ್ಟು ತುಂಬಿ, ಅಳತೆ ತೆಗೆದು, ಕೆಲವೇ ದಿನಗಳಲ್ಲಿ ನಗುವಂತೆ ಮಾಡಿ ಕಳಿಸುತ್ತಾನೆ. ಮೇಷ್ಟ್ರು ಎಂಬ ಬಿರುದು ಬಂದದ್ದು ಪದಗಳ ಹುಚ್ಚಿನಿಂದ.

ಆ ಹುಚ್ಚು ಎಂಥದ್ದೆಂದರೆ, ಒಮ್ಮೆ ಒಬ್ಬ ಯಜಮಾನರ ಬಾಯಿಗೆ ಹಿಟ್ಟು ತುಂಬಿ, ಅದು ಗಟ್ಟಿಯಾಗುವ ತನಕ ಸುಮ್ಮನೆ ಯಾಕಿರಬೇಕೆಂದು ಪೇಪರಿನ ಪದಬಂಧ ತೆಗೆದ. "ಯಜಮಾನ್ರೇ, ಮೂರಕ್ಷರ. ಕಾಲಿಲ್ಲದಿದ್ರೂ ಊರೆಲ್ಲ ಸುತ್ತುತ್ತೆ. ಏನಿರಬಹುದು?" ಯಜಮಾನರು ಕಣ್ಣರಳಿಸಿ "ಮ್ ಮ್ ಮ್" ಎಂದರು. "ಗಾಳಿಯಾ? ಅಲ್ಲ, ಅದು ಎರಡಕ್ಷರ," ಎಂದು ಮಾವ ತಲೆ ಕೆರೆಯುತ್ತ ಕೂತ. ಅವರು ಕುರ್ಚಿಯ ಕೈ ಬಡಿದರು, ಕಾಲು ಝಾಡಿಸಿದರು. ಮಾವನಿಗೆ ಅದೆಲ್ಲ ಸುಳಿವು ಕೊಡುತ್ತಿರುವಂತೆ ಕಂಡಿತು. ಅಷ್ಟರಲ್ಲಿ ಹಿಟ್ಟು ಕಲ್ಲಾಗಿತ್ತು. ಕೊನೆಗೆ ಇಕ್ಕಳ ಹಾಕಿ ಒಡೆದು ತೆಗೆಯಬೇಕಾಯಿತು. ಅವರಿಗೆ ಉಳಿದಿದ್ದ ಒಂದೇ ಒಂದು ಸ್ವಂತ ಹಲ್ಲು ಅಚ್ಚಿನ ಜತೆ ರಕ್ತ ಜೊಲ್ಲು ಸಮೇತ ಈಚೆ ಬಂತು. ಬಾಯಿ ಖಾಲಿಯಾದ ಮೇಲೆ ಅವರು ಆಡಿದ ಮೊದಲ ಮಾತು ಬೈಗುಳವಲ್ಲ. "ವದಂತಿ!" ಎಂದರು. ಬೈಗುಳ ಆಮೇಲೆ ಶುರುವಾಯಿತು, ಸಂಜೆಯ ತನಕ ನಡೆಯಿತು.

ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಬರುವುದರಲ್ಲಿ ಮಾವನಿಗಿಂತ ಹೆಚ್ಚು ಹೇಸಿಗೆ ಹುಟ್ಟಿಸುವವನು ನಾನೇ. ನಾನು ಒಂದು ಲಾಂಡ್ರಿಯಲ್ಲಿ ಸಂಬಳಕ್ಕಿದ್ದೇನೆ. ನನ್ನದು ಕಲೆ ತೆಗೆಯುವ ಮೇಜು. ಮನುಷ್ಯರು ಮೂಗಿನಿಂದ, ಬಾಯಿಂದ, ಇನ್ನೂ ಎಲ್ಲೆಲ್ಲಿಂದಲೋ ಹೊರಹಾಕುವುದನ್ನೆಲ್ಲ ಬಟ್ಟೆಗೆ ಮೆತ್ತಿಕೊಂಡು ಬಂದು, "ಕಾಫಿ ಚೆಲ್ಲಿತು" ಎಂದು ನನ್ನ ಮುಖ ನೋಡದೆ ಕೊಟ್ಟು ಹೋಗುತ್ತಾರೆ. ಜತೆಯವರು ನನ್ನನ್ನು 'ಕಲೆಗಾರ' ಎಂದು ರೇಗಿಸುತ್ತಾರೆ. ದಿನವಿಡೀ ಪರರ ಕೊಳೆ ತಿಕ್ಕಿ ತಿಕ್ಕಿ, ಲೋಕದಲ್ಲಿ ಶುಭ್ರವಾಗಿರುವವನು ನಾನೊಬ್ಬನೇ ಎಂಬ ಅಹಂಕಾರ ತಲೆಗೇರಿತ್ತು. ಅತ್ತೆ ತೊಳೆದಿಟ್ಟ ತಟ್ಟೆಯನ್ನು ಅವಳೆದುರಿಗೇ ಮತ್ತೆ ತೊಳೆದು ಬೈಸಿಕೊಳ್ಳುತ್ತಿದ್ದೆ.

ವಾಸ ಮಾವನ ಮನೆಯಲ್ಲೇ. ಮಲಗುವುದು ಅವನ ಕೆಲಸದ ಕೋಣೆಯ ಹಿಂದಿನ ಗೂಡಿನಲ್ಲಿ. ಅದಕ್ಕೆ ಕಿಟಕಿಯಿಲ್ಲ. ಗೋಡೆಗೆ ಹೊಡೆದ ಹಲಗೆಗಳ ತುಂಬ ಗಿರಾಕಿಗಳ ದವಡೆಯ ಪ್ಲಾಸ್ಟರ್ ಅಚ್ಚುಗಳು. ಬೆಳಿಗ್ಗೆ ಕಣ್ಣು ಬಿಟ್ಟರೆ ಬೀದಿಗೆ ಬೀದಿಯೇ ನನ್ನನ್ನು ನೋಡಿ ಹಲ್ಲು ಕಿರಿಯುತ್ತಿರುತ್ತದೆ. ಜತೆಗೆ ಮಾವ ಕಾಯಿಸುವ ರಾಳದ ವಾಸನೆ, ಉಗುರುಬಣ್ಣ ಕುದಿಸಿದ ಹಾಗೆ. ಬೀದಿ ಕಡೆಗೆ ಕಿಟಕಿಯಿರುವ, ಗಾಳಿ ಬೆಳಕಿನ ಮುಂಗೋಣೆಯಲ್ಲಿ ನಡುಮಧ್ಯೆ ಮಾವನ ಆಟದ ಮೇಜು ಕಾಲು ಚಾಚಿಕೊಂಡು ನಿಂತಿತ್ತು.

"ಆ ಕೋಣೆ ನನಗೆ ಕೊಡು ಮಾವ," ಎಂದು ಎಷ್ಟು ಸಲ ಅಂಗಲಾಚಿದೆನೋ.

"ಒಂದೇ ಒಂದು ಸಲ ನನ್ನ ಸೋಲಿಸು. ಅವತ್ತೇ ಮೇಜು ಎತ್ತಿ ಗೂಡಿಗೆ ಹಾಕ್ತೀನಿ. ಕೋಣೆ ನಿಂದು."

"ಆಮೇಲೆ ಮಾತು ತಪ್ಪಲ್ಲ ತಾನೇ?"

"ಲೋ, ನಂದು ಹಲ್ಲು ಸುಳ್ಳಿರಬಹುದು, ನಾಲಿಗೆ ಸ್ವಂತದ್ದು."

ಆಟವೂ ಅವನ ಸ್ವಂತ ತಯಾರಿಕೆ. ಹಲಗೆಯ ಮೇಲೆ ಚೌಕಗಳು. ಒಂದೊಂದು ಬಿಲ್ಲೆಯ ಮೇಲೆ ಒಂದೊಂದು ಅಕ್ಷರ. ಚೀಲಕ್ಕೆ ಕೈ ಹಾಕಿ ಬಿಲ್ಲೆ ತೆಗೆದುಕೊಂಡು, ಹಲಗೆಯ ಮೇಲಿನ ಪದಗಳಿಗೆ ಹೊಂದಿಸಿ ಹೊಸ ಪದ ಕಟ್ಟಬೇಕು. ಚೀಲ ಬರಿದಾದ ಮೇಲೆ ಕೈಲಿರುವುದನ್ನು ಮೊದಲು ಮುಗಿಸಿದವನು ಗೆದ್ದ. ಬಿಲ್ಲೆಗಳು ಒಸಡಿನ ಬಣ್ಣದವು. ಹಲ್ಲಿನ ಸೆಟ್ಟಿಗೆ ಹಾಕುವ ರಾಳವೇ ಎಂದು ಗೊತ್ತಿತ್ತು. ಮಿಕ್ಕಿದ್ದರಲ್ಲಿ ಎರಕ ಹೊಯ್ದಿರಬೇಕು ಎಂದುಕೊಂಡಿದ್ದೆ. ಒಂದೇ ಕೊರತೆ, ಎಲ್ಲವೂ ತುಸು ಡೊಂಕು. ಇಟ್ಟರೆ ತೊಟ್ಟಿಲ ಹಾಗೆ ತೂಗುತ್ತಿದ್ದವು. "ನಿನ್ನ ಅಚ್ಚು ಸರಿಯಿಲ್ಲ," ಎಂದರೆ ಮಾವ "ಹೂಂ" ಎಂದು ಬೇರೆಲ್ಲೋ ನೋಡುತ್ತಿದ್ದ.

ಆಡಲು ಕೂರುವವರು ಮೂವರು, ಮಾವ, ಅತ್ತೆ, ನಾನು. ಯೋಚನೆಗೆ ಬಿದ್ದರೆ ಮಾವ ತನ್ನ ಬಾಯಿಂದಲೇ ಸೆಟ್ ಕಳಚಿ ಪಕ್ಕದ ಲೋಟದ ನೀರಿಗೆ ಹಾಕುತ್ತಾನೆ. ಅದು ಗುಳ್ಳೆ ಬಿಡುತ್ತ ನಮ್ಮ ಆಟ ನೋಡುತ್ತದೆ. "ಥೂ, ಅಸಹ್ಯ!" ಎಂದು ನಾನು ಮುಖ ತಿರುಗಿಸುತ್ತಿದ್ದೆ. ಹಾಗೆ ತಿರುಗಿಸಿದ ಮುಖದಲ್ಲಿ ಏನಿರುತ್ತಿತ್ತು ಗೊತ್ತೆ? ಒಂದು ಬಿಲ್ಲೆ. ಯೋಚಿಸುವಾಗ ಬಿಲ್ಲೆ ಬಾಯಿಗೆ ಹಾಕಿಕೊಂಡು ಚೀಪುವುದು ನನ್ನ ಚಟ. "ಅದನ್ನ ಉಗಿಯೋ," ಎಂದು ಮಾವ ಗದರುತ್ತಿದ್ದ. ನನ್ನ ಏಕಾಗ್ರತೆ ಕೆಡಿಸುವ ಉಪಾಯ ಎಂದುಕೊಂಡು ಇನ್ನಷ್ಟು ಚೀಪುತ್ತಿದ್ದೆ. ಆ ಡೊಂಕು ಬಿಲ್ಲೆ ಅಂಗುಳಕ್ಕೆ ಅಂಟಿಕೊಂಡು ಎಷ್ಟು ಹಿತವಾಗಿ ಕೂರುತ್ತಿತ್ತು! ಅಷ್ಟು ಹಿತ ಯಾಕೆಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಇನ್ನೊಂದು ಸಂಗತಿ. ಒಮ್ಮೆ ಮಾವನ ಕೈಜಾರಿದ ಬಿಲ್ಲೆ ಪುಟಿದು ಹೊಸ್ತಿಲು ದಾಟಿ ಚರಂಡಿಗೆ ಬಿತ್ತು. "ಹೋಗ್ಲಿ ಬಿಡು, ಇನ್ನೊಂದು ಮಾಡ್ಕೋತೀನಿ," ಎಂದ. ನಾನು ಬಿಡಲಿಲ್ಲ. "ಆಟದ ಮಧ್ಯೆ ಹೊಸ ಬಿಲ್ಲೆ ನಡೆಯಲ್ಲ. ಹೋದದ್ದೇ ಬರಬೇಕು. ಬರೋವರೆಗೂ ಹಲಗೆ ಹಾಗೇ ಇರಬೇಕು. ಆಗಲ್ಲ ಅಂದ್ರೆ ಸೋತೆ ಅನ್ನು." ಮಾವ ತೋಳು ಮಡಚಿ ಕರಿ ನೀರಿಗೆ ಮೊಣಕೈ ತನಕ ಕೈ ಹಾಕಿದ. ನಾನು ಮೂಗು ಹಿಡಿದುಕೊಂಡು, "ಇನ್ನೂ ಎಡಕ್ಕೆ, ಎಡಕ್ಕೆ," ಎಂದು ಉಪಕಾರ ಮಾಡಿದೆ. ಬಿಲ್ಲೆ ಸಿಕ್ಕಿತು, ಆಟ ಅವನೇ ಗೆದ್ದ, ನನ್ನ ಮಾತು ಮನೆಯ ಕಾನೂನಾಗಿ ಉಳಿಯಿತು.

ಆ ಭಾನುವಾರ ಚೀಲ ಬರಿದಾಗಿತ್ತು. ಮಾವನ ಮುಂದೆ ಇನ್ನೂ ಬಿಲ್ಲೆಗಳಿದ್ದವು, ಅತ್ತೆಯ ಮುಂದೆಯೂ. ನನ್ನಲ್ಲಿ ಉಳಿದದ್ದು 'ಜ್ಜೆ' ಒಂದೇ. ಅತ್ತೆ ಆಗಷ್ಟೇ 'ಹೆಗಲು' ಕಟ್ಟಿದ್ದಳು. 'ಹೆ' ಕೆಳಗಿನ ಚೌಕ ಖಾಲಿ. ಮಾವನ ಸರದಿ ಮುಗಿದರೆ 'ಹೆಜ್ಜೆ', ಆಟ ಮುಗಿಯಿತು, ಕೋಣೆ ನನ್ನದು. ಮುಖದ ಮೇಲೆ ನಗು ಕಾಣಬಾರದೆಂದು 'ಜ್ಜೆ'ಯನ್ನು ಬಾಯಿಗೆ ಹಾಕಿಕೊಂಡು ಕೆನ್ನೆಗೆ ತಳ್ಳಿದೆ. ಮನಸ್ಸಿನಲ್ಲಿ ಆಗಲೇ ಆ ಕಿಟಕಿಗೆ ಪರದೆ ಕಟ್ಟುತ್ತಿದ್ದೆ.

ಬಾಗಿಲು ತಟ್ಟಿದ ಸದ್ದಾಯಿತು. ಮೂಲೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು.

"ಮೇಷ್ಟ್ರೇ, ನಮ್ಮಮ್ಮನ ಮೇಲಿನ ಸೆಟ್ ರಿಪೇರಿಗೆ ಕೊಟ್ಟಿದ್ದೆ, ಜ್ಞಾಪಕ ಇದೆಯಾ? ಅಷ್ಟರಲ್ಲಿ ಅಮ್ಮ ಹೋಗಿಬಿಟ್ರು. ಈ ಕಡೆ ಬರೋಕೆ ಮನಸ್ಸೇ ಆಗಲಿಲ್ಲ. ಮೊನ್ನೆ ಅವರ ಪೆಟ್ಟಿಗೆ ತೆಗೆದೆ. ಕನ್ನಡಕ ಇದೆ, ಗಡಿಯಾರ ಇದೆ, ಕೆಳಗಿನ ಸೆಟ್ ಇದೆ. ಮೇಲಿಂದು ಇಲ್ಲ. ಅರ್ಧ ನಗು ಇಟ್ಕೊಂಡ ಹಾಗೆ ಅನ್ನಿಸ್ತು."

ಮಾವ ಲೋಟದಿಂದ ತನ್ನ ಸೆಟ್ ತೆಗೆದು ಹಾಕಿಕೊಂಡ.

"ಇದೆ ತಾಯಿ," ಎಂದ. "ಆದ್ರೆ ಸೆಟ್ ಆಗಿ ಇಲ್ಲ."

"ಅಂದ್ರೆ?"

"ಒಯ್ಯದೆ ಬಿಟ್ಟೋಗಿರೋ ಸೆಟ್ಟುಗಳು ಡಬ್ಬಿಗಟ್ಟಲೆ ಬಿದ್ದಿರ್ತವೆ. ಬಿಸಾಡೋಕೆ ಕೈ ಬರಲ್ಲ. ಅಷ್ಟು ವರ್ಷ ಮಾತಾಡಿರೋ ಅಂಗುಳ ಅಲ್ವಾ? ಅದಕ್ಕೇ ಹಲ್ಲು ಬಿಡಿಸಿ, ಅಂಗುಳಕ್ಕೆ ಕೂರೋ ಮಧ್ಯದ ಭಾಗಾನ ಗರಗಸದಲ್ಲಿ ಚೌಕ ಚೌಕ ಕೊಯ್ದು, ಅಕ್ಷರ ಕೊರೆದೆ." ಅವನ ಬೆರಳು ಹಲಗೆಯ ಮೇಲೆ ತಡವರಿಸಿತು. "ನಿಮ್ಮಮ್ಮನವರದ್ದು ದಪ್ಪ ಅಂಗುಳ. ಒತ್ತಕ್ಷರಕ್ಕೆ ಆಳ ಬೇಕಲ್ಲ, ಅದಕ್ಕೆ ಅದನ್ನೇ ಉಪಯೋಗಿಸಿದೆ. ಇಲ್ಲಿದೆ ನೋಡಿ 'ಟ್ಟ'. ಇದು 'ಲ್ಲು'. ಇದು 'ಕ್ಕಿ'. ಇನ್ನೊಂದು 'ಜ್ಜೆ' ಇರಬೇಕು..."

ಹಲಗೆಯ ಮೇಲಿಲ್ಲ. ಚೀಲದಲ್ಲಿಲ್ಲ. ತನ್ನ ಮುಂದಿಲ್ಲ, ಅತ್ತೆಯ ಮುಂದಿಲ್ಲ. ಮಾವನ ಕಣ್ಣು ನಿಧಾನವಾಗಿ ಬಂದು ನನ್ನ ಉಬ್ಬಿದ ಕೆನ್ನೆಯ ಮೇಲೆ ನಿಂತಿತು.

ಡೊಂಕು ಯಾಕಿತ್ತು, ಅಂಗುಳಕ್ಕೆ ಅಷ್ಟು ಹಿತವಾಗಿ ಯಾಕೆ ಕೂರುತ್ತಿತ್ತು, ಎರಡೂ ಒಟ್ಟಿಗೆ ಹೊಳೆದವು. ಇಷ್ಟು ದಿನ ಎಷ್ಟು ಜನ ಮುದುಕ ಮುದುಕಿಯರ ಬಾಯನ್ನು ನಾನು ಚೀಪಿದ್ದೆನೋ! ಉಗಿಯಬೇಕೆಂದು ಉಸಿರೆಳೆದುಕೊಂಡೆ. ಗಾಳಿಯ ಜತೆ ಬಿಲ್ಲೆಯೂ ಒಳಗೆ ಹೋಯಿತು. ಕೆಮ್ಮಿದೆ, ಕಣ್ಣು ಮೇಲಾಯಿತು. ಅತ್ತೆ ಬೆನ್ನಿಗೆ ಗುದ್ದಿ, ಕೈಗೆ ಸಿಕ್ಕ ಲೋಟದ ನೀರು ಕುಡಿಸಿದಳು. ಯಾವ ಲೋಟ ಎಂದು ಕುಡಿದ ಮೇಲೆ ಗೊತ್ತಾಯಿತು.

ಆ ಹೆಂಗಸು ಇದ್ಯಾವುದನ್ನೂ ಗಮನಿಸಲಿಲ್ಲ. ಹಲಗೆಯನ್ನೇ ದುರುಗುಟ್ಟಿ ನೋಡುತ್ತಿದ್ದಳು. "ಥೂ ನಿಮ್ಮ! ನಮ್ಮಮ್ಮನ ಬಾಯಿಟ್ಕೊಂಡು ಆಟ ಆಡ್ತಿದ್ರಾ?" ಎಂದವಳು ಕುರ್ಚಿಯಲ್ಲಿ ಕುಸಿದಳು. 'ಕ್ಕಿ'ಯನ್ನು ಎತ್ತಿ ಬೆರಳಿನಿಂದ ಸವರಿದಳು. ಸ್ವಲ್ಪ ಹೊತ್ತಿನ ಮೇಲೆ ಅಳುವೋ ನಗುವೋ ತಿಳಿಯದ ದನಿಯಲ್ಲಿ, "ಅವರ ಬಾಯಿ ಅಂದ್ರೆ ಬೀದಿ ನಡುಗೋದು. ಎದುರು ಮಾತಾಡಿದವರನ್ನ ನುಂಗಿ ನೀರು ಕುಡಿಯೋರು," ಎಂದಳು.

ಅವರನ್ನು ನುಂಗಿ ನೀರು ಕುಡಿದವನು ಎದುರಿಗೇ ಕೂತಿದ್ದೆ.

"ಇನ್ನೊಂದು ಎಲ್ಲೋ ಒಳಗೆ ಸೇರ್ಕೊಂಡಿದೆ," ಎಂದ ಮಾವ, ನನ್ನ ಹೊಟ್ಟೆಯ ಕಡೆ ನೋಡದಿರಲು ಕಷ್ಟಪಡುತ್ತ. "ಮುಂದಿನ ಭಾನುವಾರ ಬನ್ನಿ. ನಾಲ್ಕೂ ಕೊಡ್ತೀನಿ."

ಅವಳು ಹೋದ ಕೂಡಲೇ ಅತ್ತೆ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಮಾವನೂ ಬಂದ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಮೂಲೆ ಚೂಪಾಗಿದೆಯೇ ಎಂದು ಕೇಳಿದರು. "ಛೆ, ಉಜ್ಜಿ ನುಣ್ಣಗೆ ಮಾಡಿದೀನಿ," ಎಂದ ಮಾವ ಹೆಮ್ಮೆಯಿಂದ. "ಹಾಗಾದ್ರೆ ತಾನಾಗೇ ಬರುತ್ತೆ, ನೋವು ಬಂದ್ರೆ ಮಾತ್ರ ಓಡಿ ಬನ್ನಿ," ಎಂದು ಅವರು ಕೈ ತೊಳೆದುಕೊಂಡರು.

ಮನೆಗೆ ಬಂದವನೇ ಕೇಳಿದೆ, "ಮಾವ, ಗೆದ್ದಿದ್ದು ನಾನೇ ತಾನೇ? 'ಹೆಜ್ಜೆ' ಆಗ್ತಿತ್ತು."

"ಎಲ್ಲಿದೆ ತೋರಿಸು."

"ಒಳಗಿದೆ! ಬೇರೆ ಒಂದು ಬಿಲ್ಲೆ ಕೊಯ್ದು ಕೊಡು."

"ಆಟದ ಮಧ್ಯೆ ಹೊಸ ಬಿಲ್ಲೆ ನಡೆಯಲ್ಲಪ್ಪ. ಚರಂಡಿ ಮರೆತುಹೋಯ್ತಾ? ಹೋದದ್ದೇ ಬರಬೇಕು. ಆಗಲ್ಲ ಅಂದ್ರೆ ಸೋತೆ ಅನ್ನು."

ಅತ್ತೆ ಹಲಗೆಯ ಮೇಲೆ ದೊಡ್ಡ ಪಾತ್ರೆ ಬೋರಲು ಹಾಕುತ್ತ, "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರೆ. ನಿಂದು ಬಾಯಿಗೆ ಬಂದದ್ದು ಕೈಗೆ ಬರಲಿಲ್ಲ," ಎಂದಳು.

ಸೋತೆ ಎನ್ನಬಹುದಿತ್ತು. ಆದರೆ ಕೋಣೆ ಹೋಗುತ್ತಿತ್ತು. ಸೋತರೂ ಆ ಹೆಂಗಸಿಗೆ ಬಿಲ್ಲೆ ಕೊಡಲೇಬೇಕಿತ್ತು. ಲಾಂಡ್ರಿಯಿಂದ ರಬ್ಬರ್ ಗವಸು, ಹಳೆಯ ಜರಡಿ ತಂದೆ. ಆ ವಾರ ನಾನು ನನ್ನ ಜತೆ ಕಳೆದ ಮುಂಜಾವುಗಳನ್ನು ಶತ್ರುವಿಗೂ ಬಯಸುವುದಿಲ್ಲ. ಪರರ ಕೊಳೆಯ ಮುಂದೆ ಮೂಗು ಮುರಿಯುತ್ತಿದ್ದವನು ಕುಕ್ಕರುಗಾಲಿನಲ್ಲಿ ಕೂತು, ವಾಕರಿಸುತ್ತ, ತನ್ನದನ್ನೇ ಜಾಲಾಡುತ್ತಿದ್ದೆ. ಬಾಗಿಲಾಚೆಯಿಂದ ಮಾವ, "ಇನ್ನೂ ಎಡಕ್ಕೆ ನೋಡೋ, ಎಡಕ್ಕೆ," ಎನ್ನುತ್ತಿದ್ದ.

ಬಂತು. ಹೆಚ್ಚು ಹೇಳುವುದಿಲ್ಲ, ಓದುವವರೂ ಊಟ ಮಾಡಬೇಕಲ್ಲ.

ಲಾಂಡ್ರಿಗೆ ಒಯ್ದು ರಕ್ತಕ್ಕೆ ಹಾಕುವುದು, ಜಿಡ್ಡಿಗೆ ಹಾಕುವುದು, ತುಕ್ಕಿಗೆ ಹಾಕುವುದು, ನನ್ನ ಮೇಜಿನ ಮೇಲಿದ್ದ ಒಂದೊಂದು ಸೀಸೆಯಲ್ಲೂ ಅದನ್ನು ಅದ್ದಿದೆ. ಒಸಡಿನ ಬಣ್ಣ ಬಿಟ್ಟು ಬಿಳಿಚಿಕೊಂಡಿತು. "ಯಾವ ಗಿರಾಕಿದೋ?" ಎಂದರು ಮೇಲ್ವಿಚಾರಕರು. "ನನ್ನದೇ ಸಾರ್," ಎಂದೆ.

ಭಾನುವಾರ ಅತ್ತೆ ಪಾತ್ರೆ ಎತ್ತಿದಳು. ಮಾವ ತನಗೆ ಕಟ್ಟುವ ಪದವಿಲ್ಲವೆಂದು ಸರದಿ ಬಿಟ್ಟುಕೊಟ್ಟ. ನಾನು ಇಕ್ಕಳದಲ್ಲಿ ಬಿಲ್ಲೆ ಹಿಡಿದು 'ಹೆ' ಕೆಳಗೆ ಇಟ್ಟೆ. ಅದು ತೊಟ್ಟಿಲ ಹಾಗೆ ತೂಗಿ ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. "ಗೆದ್ದೆ," ಎಂದ ಮಾವ, ಮೂಗಿಗೆ ಟವೆಲ್ ಹಿಡಿದುಕೊಂಡು.

ಅಷ್ಟರಲ್ಲಿ ಆ ಹೆಂಗಸು ಬಂದಳು. ನಾಲ್ಕು ಬಿಲ್ಲೆಯನ್ನೂ ಆರಿಸಿ ಕರವಸ್ತ್ರದಲ್ಲಿಟ್ಟಳು. "ಇದೊಂದು ಯಾಕೆ ಇಷ್ಟು ಬೆಳ್ಳಗಿದೆ?"

"ತೊಳೆದೆ," ಎಂದೆ. "ನನ್ನದು ಲಾಂಡ್ರಿ ಕೆಲಸ."

ಅವಳ ಕಣ್ಣು ತುಂಬಿ ಬಂತು. "ನೀನೊಬ್ಬನೇ ಕಣಪ್ಪ. ಯಾರದೋ ಬಾಯಲ್ಲಿದ್ದದ್ದು ಅಂತ ಅಸಹ್ಯ ಪಡದೆ ತೊಳೆದಿದ್ದೀಯ." ಹಾಗೆನ್ನುತ್ತಲೇ ಆ 'ಜ್ಜೆ'ಯನ್ನು ಎತ್ತಿ ತುಟಿಗೊತ್ತಿಕೊಂಡು ಮುತ್ತಿಟ್ಟಳು.

ನಾನು ಬಾಯಿ ತೆರೆದೆ. ಮಾವ ಸೂರು ನೋಡತೊಡಗಿದ. ಅತ್ತೆ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ಬಚ್ಚಲಲ್ಲಿ ನೀರು ಬಿಟ್ಟ ಸದ್ದು ಕೇಳಿಸಿತು. ಆ ಹೆಂಗಸು ನನ್ನ ಕೆನ್ನೆ ತಟ್ಟಿ, ಕರವಸ್ತ್ರವನ್ನು ಎದೆಗವಚಿಕೊಂಡು ಹೊರಟುಹೋದಳು.

ಮಾತಿನಂತೆ ಮೇಜು ಗೂಡಿಗೆ ಹೋಯಿತು, ನನ್ನ ಹಾಸಿಗೆ ಮುಂಗೋಣೆಗೆ ಬಂತು. ಕಿಟಕಿ ತೆರೆದು ಕೂತೆ. ಗಾಳಿ ಬಂತು, ಬೆಳಕು ಬಂತು, ಮೂಲೆಯ ಔಷಧಿ ಅಂಗಡಿಯೂ ಕಂಡಿತು. ಅವಳು ಅಲ್ಲಿಂದಲೇ ನನ್ನ ಕಡೆ ನೋಡಿ ನಕ್ಕು ಕೈ ಬೀಸಿದಳು. ಕಿಟಕಿಯನ್ನು ಅರ್ಧ ಮುಚ್ಚಿದೆ.

ಹಿಂದಿನಿಂದ ಗರಗಸದ ಸದ್ದು. ಆಮೇಲೆ ಮಾವನ ದನಿ. "ಲೋ, ಒತ್ತಕ್ಷರ ಎಲ್ಲಾ ಹೊಸದಾಗಿ ಕೊಯ್ದಿದೀನಿ. ಬಾ ಆಡೋಣ."

"ಯಾರದ್ದು ಮಾವ?"

"ಈ ಸಲ ಯಾರೂ ಕೇಳ್ಕೊಂಡು ಬರಲ್ಲ. ನಂದೇ ಹಳೇ ಸೆಟ್ಟು."

ಕಿಟಕಿಯಾಚೆ ತಲೆ ಹಾಕಿ ಒಮ್ಮೆ ಉಗಿದೆ. ಆಮೇಲೆ ರಬ್ಬರ್ ಗವಸು ಹುಡುಕಿ ಹಾಕಿಕೊಂಡು ಆಡಲು ಹೋದೆ.