ದೊಡ್ಡ ಚಿಕ್ಕಿಯ ಮರೆಯಲ್ಲಿ

ಗಲಗಲಿ ರಾಯರು ಯಾರ ಮುಖವನ್ನೂ ನೇರವಾಗಿ ನೋಡುತ್ತಿರಲಿಲ್ಲ. ಮಾತನಾಡುವಾಗ ಅವರ ದೃಷ್ಟಿ ನಮ್ಮ ಕಿವಿಯ ಪಕ್ಕದಲ್ಲೆಲ್ಲೋ ನಿಲ್ಲುತ್ತಿತ್ತು. ನನ್ನ ಹಿಂದೆ ಯಾರೋ ಇದ್ದಾರೆಂದು ಮೊದಮೊದಲು ತಿರುಗಿ ನೋಡಿದ್ದೂ ಉಂಟು. “ಮಸುಕು ಚಿಕ್ಕಿ ನೆಟ್ಟಗ ನೋಡಿದ್ರ ಜಾರಿ ಹೋಗ್ತಾವ್ರೀ ವೈನಿ. ಬಾಜೂಕ ನೋಡಿದ್ರ ಕಾಣಸ್ತಾವ. ಅದ ಚಟ ಆಗೇದ,” ಎಂದು ನಗುತ್ತಿದ್ದರು. ಚಿಕ್ಕಿ ಎಂದರೆ ಅವರ ಕಡೆ ನಕ್ಷತ್ರ.

ಅರವತ್ತರ ದಶಕ. ವಿಮಾ ಕಚೇರಿಯಲ್ಲಿದ್ದ ನಮ್ಮ ಯಜಮಾನರಿಗೆ ಅಹಮದಾಬಾದಿಗೆ ವರ್ಗವಾಗಿ, ಮೈಸೂರಿನಿಂದ ನವರಂಗಪುರದ ಬಾಡಿಗೆ ಮನೆಗೆ ಬಂದಿದ್ದೆವು. ಮೇಲಿನ ಮನೆಯಲ್ಲಿ ಧಾರವಾಡದ ಗಲಗಲಿ ದಂಪತಿ. ರಾಯರು ಒಂದು ಸಂಶೋಧನಾ ಸಂಸ್ಥೆಯಲ್ಲಿ ಗಣಿತದ ಕೆಲಸಕ್ಕಿದ್ದರು. ಸಂಜೆ ಗಿರಣಿಯ ಭೋಂಗಾ ಕೂಗಿ ಕತ್ತಲಾಯಿತೆಂದರೆ ದುರ್ಬೀನು ಹಿಡಿದು ತಾರಸಿ ಹತ್ತುವರು. ಹೆಂಡತಿ ಇಂದಿರಾಬಾಯಿ ಕೆಂಪು ಕಾಗದ ಸುತ್ತಿದ ಬ್ಯಾಟರಿ, ಪುಸ್ತಕ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂರುವರು. ಬೆಳಕು ಬಿದ್ದರೆ ಕಣ್ಣು ಕೆಡುತ್ತದೆಂದು ರಾಯರು ಪುಸ್ತಕದ ಹತ್ತಿರವೂ ಸುಳಿಯುತ್ತಿರಲಿಲ್ಲ. ನಕ್ಷತ್ರದ ಕಾಂತಿಯನ್ನು ಅಂದಾಜು ಮಾಡಿ ಮೇಲಿಂದ ಒಂದು ಅಂಕಿ ಕೂಗುವರು. ಆಕೆ ಬರೆದುಕೊಂಡು “ಹೂಂ” ಎಂದ ಮೇಲೆಯೇ ಇನ್ನೊಮ್ಮೆ ನೋಡಿ ಎರಡನೆಯ ಅಂಕಿ. ಹೂಂ ಬರದಿದ್ದರೆ ಬೆಳಗಿನ ತನಕ ಬೇಕಾದರೂ ಹಾಗೇ ನಿಂತಿರುವ ಆಸಾಮಿ!

ಬ್ರಹ್ಮಹೃದಯದ ಪಕ್ಕದ ಒಂದು ಸಣ್ಣ ನಕ್ಷತ್ರದ ಮೇಲೆ ಅವರಿಗೆ ವಿಪರೀತ ಮೋಹ. ಕಣ್ಣಿಗೆ ಒಂದೇ, ನಿಜದಲ್ಲಿ ಎರಡು. ವಯಸ್ಸಾಗಿ ಊದಿಕೊಂಡ ಕೆಂಪು ದೈತ್ಯ ಒಂದು, ಅದನ್ನು ಸುತ್ತುವ ಪುಟ್ಟ ನೀಲಿ ಜೊತೆಗಾತಿ ಇನ್ನೊಂದು. ಎರಡು ವರ್ಷ ಎಂಟು ತಿಂಗಳಿಗೊಮ್ಮೆ ಪುಟ್ಟದು ದೊಡ್ಡದರ ಹಿಂದೆ ಹೋಗಿ ಐದಾರು ವಾರ ಮರೆಯಾಗುತ್ತದಂತೆ. ಆಗ ಬೆಳಕು ತುಸುವೇ ಕುಗ್ಗುತ್ತದೆ, ಅಂಕಿ ಏರುತ್ತದೆ; ಮಸುಕಾದಷ್ಟೂ ಅಂಕಿ ದೊಡ್ಡದೆಂಬುದು ಅವರ ಲೆಕ್ಕ. ನನಗಂತೂ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿ ಪುಟ್ಟದು ಮರೆಯಾದ ವಾರವೇ ಇಂದಿರಾಬಾಯಿ ಜ್ವರ ಹಿಡಿದು ಮಲಗಿದರು. ನಾನು ಗಂಜಿ ಕೊಡಲು ಹೋದಾಗ ಗಂಡನನ್ನು ಕೇಳುತ್ತಿದ್ದರು: “ಇನ್ನೂ ಒಳಗ ಅದ ಏನ್ರೀ? ಹೊರಗ ಬಂದ ಕೂಡಲೇ ನನಗ ಹೇಳ್ರಿ.” ಅದು ಹೊರಗೆ ಬರುವ ಮೊದಲೇ ಆಕೆ ಹೋಗಿಬಿಟ್ಟರು.

ಹದಿಮೂರು ದಿನ ಕಳೆಯುವ ಮುನ್ನವೇ ರಾಯರು ತಾರಸಿ ಹತ್ತಿದರು. ನೋಡಿದವರು ಆಡಿಕೊಂಡರು. “ಹೇಳ್ತೀನಿ ಅಂತ ಆಕಿಗೆ ಮಾತು ಕೊಟ್ಟೇನ್ರೀ ವೈನಿ. ನೋಡಲಾರದ ಏನು ಹೇಳಲಿ?” ಎಂದರು. ಅಂದಿನಿಂದ ಮೆಟ್ಟಿಲ ಮೇಲೆ ನಾನು ಕೂತೆ. ಇಂದಿರಾಬಾಯಿ ಬರೆದದ್ದೆಲ್ಲ ದುಂಡಗಿನ ಕನ್ನಡ ಅಂಕಿ, ನನ್ನದು ಇಂಗ್ಲಿಷ್ ಅಂಕಿ.

ಸಂಕ್ರಾಂತಿಯ ದಿನ ಊರೆಲ್ಲ ಗಾಳಿಪಟ, ನಮ್ಮ ಮನೆ ತುಂಬ ನೆಂಟರು. ಮೇಲೆ ಹೋಗಲಾಗಲಿಲ್ಲ. ಮರುದಿನ ಪುಸ್ತಕ ತೆರೆದರೆ ಹಿಂದಿನ ಸಂಜೆಯ ಎರಡೂ ಅಂಕಿಗಳಿದ್ದವು. ದುಂಡಗೆ, ಕನ್ನಡದಲ್ಲಿ.

“ನೀವೇ ಬರೆದಿರಾ ರಾಯರೇ?”

“ನಾ ಎಲ್ಲಿ ಬರೀತೀನ್ರೀ? ಮ್ಯಾಲೆ ಇದ್ದೆ,” ಎಂದು ನನ್ನ ಕಿವಿಯ ಪಕ್ಕಕ್ಕೆ ನೋಡಿದರು. ಈ ಸಲ ನಾನು ತಿರುಗಿ ನೋಡಲಿಲ್ಲ. ಧೈರ್ಯವಾಗಲಿಲ್ಲ. ದುಃಖದಲ್ಲಿ ತಾವೇ ಬರೆದು ಮರೆತಿರಬೇಕೆಂದು ಸಮಾಧಾನ ಮಾಡಿಕೊಂಡೆ.

ತಿಂಗಳ ಕೊನೆಗೆ ನಮಗೆ ಸೂರತ್‌ಗೆ ವರ್ಗವಾಯಿತು. ಹೊರಡುವ ಸಂಜೆ ಪುಸ್ತಕವನ್ನು ಮೆಟ್ಟಿಲ ಮೇಲಿಟ್ಟು ಬಂದೆ. ಇನ್ನು ಯಾರು ಬರೆಯುತ್ತಾರೆಂದು ಕೇಳುವ ಮುಖ ನನಗಿರಲಿಲ್ಲ. ಯಜಮಾನರು ಟಾಂಗಾಕ್ಕೆ ಸಾಮಾನು ಏರಿಸುತ್ತಿದ್ದಾಗ ಮೇಲಿಂದ ಕೂಗು ಕೇಳಿತು:

“ಇಂದೂ, ಹೊರಗ ಬಂತು ನೋಡs! ಮೂರು ಪಾಯಿಂಟ್ ಏಳು. ಬರಕೊಂಡೀ?”

ತಾರಸಿ ಸುಮ್ಮನಾಯಿತು. ಮೆಟ್ಟಿಲ ಬಾಗಿಲು ಎಳೆದುಕೊಂಡು ಬಂದವಳು ನಾನೇ, ಅಲ್ಲಿ ಯಾರೂ ಇರಲಿಲ್ಲ. ಪಾಪ, ಕಾಯುತ್ತ ನಿಲ್ಲುತ್ತಾರಲ್ಲ, ಕೆಳಗಿಂದಲಾದರೂ ಹೂಂ ಎನ್ನೋಣವೆಂದು ಬಾಯಿ ತೆರೆದೆ.

ಅಷ್ಟರಲ್ಲಿ ರಾಯರು ಎರಡನೆಯ ಅಂಕಿ ಹೇಳಿದರು.